ಡಿಕ್ಕಿಯಿಂದ ಬರ್ತಿದ್ದ ಕುಯ್ ಸದ್ದು

ನಮ್ಮನೇಲಿ ಹೆಚ್ಚು ಕಮ್ಮಿ ಒಂದು ತಿಂಗಳು ಅಪ್ಪ-ಮಗ ಮುಖ ಕೊಟ್ಟು ಮಾತಾಡ್ಲಿಲ್ಲ ಕಣ್ರೇ. ಕಾರಣ ಹೇಳಿದ್ರೆ ನಗ್ತೀರ. ಆಸ್ತಿ ಅಲ್ಲ, ಹೆಣ್ಣು ನೋಡೋ ವಿಷಯ ಅಲ್ಲ. ಕಾರಿನ ಡಿಕ್ಕೀಲಿ ಕೂತಿದ್ದ ಒಂದು ಕರೀ ಡಬ್ಬ. ಸಬ್ ವೂಫರ್ ಅಂತಾರೆ ಅದಕ್ಕೆ. ಹಾಡಿನಲ್ಲಿ ಬರೋ ಡೊಳ್ಳು, ತಬಲದ ದಪ್ಪ ಸದ್ದನ್ನ ಮಾತ್ರ ನುಡಿಸೋ ಸ್ಪೀಕರ್ರು.

ನಮ್ಮ ಹುಡುಗ ಕೆಲಸ ಮಾಡೋದು ಎಲೆಕ್ಟ್ರಾನಿಕ್ ಸಿಟೀಲಿ. ನಾವಿರೋದು ಪೀಣ್ಯದ ಪಕ್ಕ, ರಾಜಗೋಪಾಲನಗರದಲ್ಲಿ. ಊರಿನ ಈ ತುದಿಯಿಂದ ಆ ತುದಿ. ಟ್ರಾಫಿಕ್ಕಲ್ಲಿ ಒಂದು ಕಡೆಗೇ ಎರಡು ಗಂಟೆ ಆಗುತ್ತೆ. ಹಳೇ ಕಾರು ತಗೊಂಡಿದ್ದ, ಬೋನಸ್ಸು ಬಂದಾಗ "ಅಮ್ಮ, ದಿನಕ್ಕೆ ನಾಲ್ಕು ಗಂಟೆ ಕಾರಲ್ಲೇ ಇರ್ತೀನಿ, ಒಳ್ಳೇ ಹಾಡಾದ್ರೂ ಕೇಳ್ತೀನಿ" ಅಂತ ಹದಿನಾಲ್ಕೂವರೆ ಸಾವಿರ ಕೊಟ್ಟು ಸಬ್ ವೂಫರ್ರು, ಆಂಪ್ಲಿಫೈಯರ್ರು ಎರಡೂ ಹಾಕಿಸ್ಕೊಂಡು ಬಂದ. ನಾನೂ ಏನೂ ಅನ್ನಲಿಲ್ಲ. ದುಡಿಯೋ ಹುಡುಗ, ಇರ್ಲಿ ಬಿಡು ಅಂದ್ಕೊಂಡೆ.

ಎರಡೇ ದಿನ ಚೆನ್ನಾಗಿತ್ತು. ಆಮೇಲೆ ಶುರುವಾಯ್ತು ನೋಡಿ. ಹಾಡಿನ ಹಿಂದೆ ಸಣ್ಣಗೆ ಕುಯ್ಯ್ಯ್ ಅನ್ನೋ ಸದ್ದು. ಆಕ್ಸಿಲೇಟರ್ ತುಳಿದ್ರೆ ಆ ಕುಯ್ ಮೇಲಕ್ಕೇರುತ್ತೆ, ಬಿಟ್ರೆ ಇಳಿಯುತ್ತೆ. ಹಾಡು ನಿಲ್ಲಿಸಿದ್ರೂ ನಿಲ್ಲಲ್ಲ. ಅದರ ಜೊತೆಗೆ ಡಿಕ್ಕೀಲಿ ಗರಗರ, ಟಣಟಣ. ಸಾಲದ್ದಕ್ಕೆ ಗೇಟಿನ ಹತ್ರ ಕಾರು ನಿಂತ್ರೆ ಎದುರುಮನೆ ಕಿಟಕಿ ಗಾಜು ಜುಮ್ ಅನ್ನುತ್ತೆ. ಅಲ್ಲಿ ಬಾಣಂತಿ ಬೇರೆ ಇದ್ಲು.

ಮಗ ಹಾಕಿಸಿದ ಅಂಗಡಿಗೇ ವಾಪಸ್ ತಗೊಂಡು ಹೋದ. ಅವರು ಐದು ನಿಮಿಷ ಕೇಳಿ "ಆಂಪ್ಲಿಫೈಯರ್ ಚಿಕ್ಕದಾಯ್ತು ಸಾರ್, ದೊಡ್ಡದು ಹಾಕ್ಸಿ, ಇನ್ನೊಂದು ಒಂಬತ್ತು ಸಾವಿರ ಆಗುತ್ತೆ" ಅಂದ್ರಂತೆ. ಮನೆಗೆ ಬಂದು ಹೇಳಿದ. ನಮ್ಮನೆಯವರು ಹೊರಗೆ ಹೋಗಿ ಕಾರಲ್ಲಿ ಕೂತು, ಹಾಡು ಹಾಕಿಸಿ, ಕೇಳಿ ಬಂದ್ರು. "ಏನೈತೆ ಅದರಲ್ಲಿ? ಯಾವ ಕುಯ್ಯೂ ಇಲ್ಲ, ಗಿಯ್ಯೂ ಇಲ್ಲ. ದುಡ್ಡು ಜಾಸ್ತಿ ಆಗೈತೆ ಇವನಿಗೆ" ಅಂದ್ರು. ಮಗನಿಗೆ ಮೈ ಉರೀತು. "ಅಪ್ಪಂಗೆ ನಾನು ಏನು ಮಾಡಿದ್ರೂ ತಪ್ಪೇ. ಕೇಳಿಸ್ತಾ ಇದ್ರೂ ಇಲ್ಲ ಅಂತಾರೆ" ಅಂದ. ನನಗೂ ಇವರ ಮೇಲೇ ಸಿಟ್ಟು ಬಂತು. ನನಗೆ ಅಡುಗೆಮನೆ ಕಿಟಕೀಲಿ ನಿಂತ್ರೇ ಕೇಳಿಸ್ತಿತ್ತು ಅದು, ಒಳಗೆ ಕೂತೋರಿಗೆ ಕೇಳಿಸಲ್ವಾ? ಬೇಕು ಅಂತಾನೇ ಹಂಗಂತಾರೆ ಅಂದ್ಕೊಂಡೆ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಮೊದಲು ಗರಗರ ಸದ್ದಿನ ಕಥೆ ಹೇಳ್ತೀನಿ, ಅದನ್ನ ಪತ್ತೆ ಮಾಡಿದ್ದು ನಾನೇ. ನಿಮಗೂ ಗೊತ್ತಲ್ಲ, ಮಿಕ್ಸಿ ಹಾಕಿದ ತಕ್ಷಣ ಮೇಲಿನ ಸ್ಟ್ಯಾಂಡಲ್ಲಿ ಯಾವುದೋ ಒಂದು ತಟ್ಟೆ ಜಣಜಣ ಅನ್ನುತ್ತೆ. ನಾವೇನು ಮಿಕ್ಸಿ ಬದಲಾಯಿಸ್ತೀವಾ? ಒಂದೊಂದೇ ತಟ್ಟೆ ಮೇಲೆ ಕೈ ಇಟ್ಟು ನೋಡ್ತೀವಿ. ಯಾವುದರ ಮೇಲೆ ಕೈ ಇಟ್ಟಾಗ ಸದ್ದು ನಿಲ್ಲುತ್ತೋ ಅದೇ ಕಳ್ಳ. ಅದರ ಕೆಳಗೆ ಒಂದು ಬಟ್ಟೆ ಮಡಚಿ ಇಡ್ತೀವಿ, ಮುಗೀತು. ಭಾನುವಾರ ಮಗನಿಗೆ ಹಾಡು ಹಾಕೋಕೆ ಹೇಳಿ ನಾನು ಕಾರಿನ ಸುತ್ತ ಕೈಯೂರಿಕೊಂಡು ಬಂದೆ. ನಂಬರ್ ಪ್ಲೇಟ್ ಒತ್ತಿದೆ, ಅರ್ಧ ಸದ್ದು ನಿಂತೋಯ್ತು. ಡಿಕ್ಕಿ ತೆಗೆದು ಸ್ಟೆಪ್ನಿ ಪಕ್ಕ ಬಿದ್ದಿದ್ದ ಜಾಕಿ, ಪಾನಾ ಹಿಡ್ಕೊಂಡೆ, ಟಣಟಣ ನಿಂತೋಯ್ತು. ಹಿಂದಿನ ಗಾಜಿನ ಕೆಳಗಿನ ಹಲಗೆ ಒತ್ತಿದೆ, ಉಳಿದಿದ್ದೂ ಹೋಯ್ತು. ಪ್ಲೇಟಿನ ಹಿಂದೆ ಎರಡೂ ಕಡೆ ಅಂಟೋ ಫೋಮ್ ಟೇಪು, ಜಾಕಿಗೆ ಹಳೇ ಟವೆಲ್ಲು, ಹಲಗೆ ಅಂಚಿಗೆ ಒಂದು ಪಟ್ಟಿ ಫೆಲ್ಟ್ ಬಟ್ಟೆ. ಖರ್ಚು ಎಪ್ಪತ್ತು ರೂಪಾಯಿ. ಮಗ "ಅಮ್ಮ, ನೀನು ಅಂಗಡಿ ಇಡು" ಅಂದ.

ಆದ್ರೆ ಕುಯ್ ಮಾತ್ರ ಕೈಗೆ ಸಿಗಲಿಲ್ಲ. ಅದು ತಗಡಿನ ಸದ್ದಲ್ಲ, ಕರೆಂಟಿನ ಸದ್ದು. ಅದಕ್ಕೆ ನಮ್ಮ ಹಿಂದಿನ ಬೀದೀಲಿ ಬ್ಯಾಟ್ರಿ ಅಂಗಡಿ ಇಟ್ಟಿರೋ ಅಣ್ಣನ್ನ ಕರೆದೆ. ವಾಹನದ ವೈರಿಂಗ್ ಕೆಲಸ ಮಾಡಿ ಮಾಡಿ ಕೈ ಪಳಗಿದೋರು. "ಅಣ್ಣಾ, ಒಂಬತ್ತು ಸಾವಿರ ಕೇಳ್ತಿದ್ದಾರೆ, ಒಂದ್ಸಲ ನೋಡಿ" ಅಂದೆ. ಅವರು "ಅಕ್ಕ, ನಿಮ್ಮನೇಲಿ ಕರೆಂಟ್ ಟ್ರಿಪ್ ಆದ್ರೆ ಏನ್ ಮಾಡ್ತೀರಾ?" ಅಂತ ಕೇಳಿದ್ರು. ಎಲ್ಲಾ ಪ್ಲಗ್ಗೂ ಕಿತ್ತು, ಸ್ವಿಚ್ ಮೇಲಕ್ಕೆ ಹಾಕಿ, ಒಂದೊಂದೇ ಚುಚ್ಚಿ ನೋಡ್ತೀವಿ ಅಂದೆ. "ಇದೂ ಅಷ್ಟೇ. ಸಾಮಾನು ಬದಲಾಯಿಸೋಕೆ ಮುಂಚೆ ಒಂದೊಂದೇ ಕಿತ್ತು ನೋಡ್ಬೇಕು" ಅಂದ್ರು.

ನಾನು ಕಾಫಿ ಲೋಟ ಹಿಡ್ಕೊಂಡು ಅಲ್ಲೇ ನಿಂತಿದ್ದೆ, ಎಲ್ಲಾ ಕೇಳಿ ತಿಳ್ಕೊಂಡೆ. ನಿಮ್ಮ ಮಕ್ಕಳಿಗೂ ಹೇಳಬಹುದು ಅಂತ ಹಂಗೇ ಬರೀತೀನಿ.

ಮೊದಲು ಇಂಜಿನ್ ಆಫ್ ಮಾಡಿ, ಕೀ ಮಾತ್ರ ತಿರುಗಿಸಿ ಹಾಡು ಹಾಕಿದ್ರು. ಕುಯ್ ಇಲ್ಲ. ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಬಂತು. ಅಂದ್ರೆ ಅದರ ಮೂಲ ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರ್ರು, ಹಳಬರು ಡೈನಮೋ ಅಂತಾರಲ್ಲ ಅದು. ಇಂಜಿನ್ ಆಫ್ ಇದ್ದಾಗ ಬ್ಯಾಟ್ರೀಲಿ 12.6 ವೋಲ್ಟಿನ ಹತ್ರ ಇರುತ್ತಂತೆ, ಓಡೋವಾಗ ಆಲ್ಟರ್ನೇಟರ್ರು ಅದನ್ನ 14ರ ಹತ್ರಕ್ಕೆ ಏರಿಸುತ್ತೆ. ಅದು ಕೊಡೋ ಕರೆಂಟು ಪೂರ್ತಿ ನುಣ್ಣಗಿರಲ್ಲ, ಸಣ್ಣ ಸಣ್ಣ ಅಲೆ ಇರುತ್ತೆ. ಇಂಜಿನ್ ಜೋರಾದಂಗೆ ಅಲೆಗಳೂ ಜೋರಾಗುತ್ತೆ. ಅದಕ್ಕೇ ಆಕ್ಸಿಲೇಟರ್ ತುಳಿದಾಗ ಕುಯ್ ಮೇಲಕ್ಕೆ ಏರೋದು. "ಎಲ್ಲಾ ಕಾರಲ್ಲೂ ಈ ಅಲೆ ಇರುತ್ತೆ ಅಕ್ಕ. ಹಾಡಿನ ವೈರಿಗೆ ಅದು ಹೆಂಗೆ ನುಗ್ತು ಅನ್ನೋದೇ ನಾವು ಹುಡುಕಬೇಕಾದ್ದು" ಅಂದ್ರು.

ಎರಡನೇದು, ಸಿಗರೇಟ್ ಲೈಟರ್ ತೂತಿಗೆ ಚುಚ್ಚಿದ್ದ ಮೊಬೈಲ್ ಚಾರ್ಜರ್ ಕಿತ್ತರು. ಕೆಲವು ಸಲ ಅಗ್ಗದ ಚಾರ್ಜರ್ರೇ ಹಿಂಗೆ ಕೂಗುತ್ತಂತೆ. ನಮ್ಮ ಕಾರಲ್ಲಿ ಅದಲ್ಲ, ಕುಯ್ ಹಂಗೇ ಇತ್ತು.

ಮೂರನೇದು, ಮುಂದಿನ ಸ್ಟೀರಿಯೋದಿಂದ ಹಿಂದಿನ ಆಂಪ್ಲಿಫೈಯರ್ರಿಗೆ ಹಾಡು ತಗೊಂಡು ಹೋಗೋ ವೈರು ಕಿತ್ತರು. ಆರ್‌ಸಿಎ ವೈರು ಅಂತಾರೆ. ನಾವು ಮುಂಚೆ ಡಿವಿಡಿ ಪ್ಲೇಯರ್ರಿಂದ ಟೀವಿಗೆ ಹಾಕ್ತಿದ್ವಲ್ಲ, ಕೆಂಪು-ಬಿಳಿ ಪಿನ್ನು, ಅದೇ. ಕಿತ್ತ ತಕ್ಷಣ ಪೂರ್ತಿ ನಿಶ್ಶಬ್ದ. "ನೋಡಿದ್ರಾ? ಆಂಪ್ಲಿಫೈಯರ್ ಚೆನ್ನಾಗೇ ಇದೆ. ಒಂಬತ್ತು ಸಾವಿರ ಉಳೀತು" ಅಂದ್ರು. ಆಮೇಲೆ ಮಗನ ಮೊಬೈಲನ್ನೇ ಒಂದು ವೈರಿನಲ್ಲಿ ಸೀದಾ ಆಂಪ್ಲಿಫೈಯರ್ರಿಗೆ ಸೇರಿಸಿ ಹಾಡು ಹಾಕಿದ್ರು. ಇಂಜಿನ್ ಓಡ್ತಾನೇ ಇದೆ, ಹಾಡು ಕ್ಲೀನಾಗಿ ಬಂತು. ತಿರುಗಿ ಸ್ಟೀರಿಯೋದ ವೈರು ಚುಚ್ಚಿದ್ರೆ ಕುಯ್. ಅಂದ್ರೆ ಡಬ್ಬದ ತಪ್ಪಲ್ಲ, ಆಂಪ್ಲಿಫೈಯರ್ ತಪ್ಪಲ್ಲ. ಇವೆರಡಕ್ಕೂ ಸ್ಟೀರಿಯೋಗೂ ಹೊಂದ್ತಾ ಇಲ್ಲ. ಅತ್ತೆ-ಸೊಸೆ ಬೇರೆ ಬೇರೆ ಇದ್ದಾಗ ಇಬ್ರೂ ಒಳ್ಳೇರು, ಒಂದೇ ಅಡುಗೆಮನೇಲಿ ನಿಂತಾಗ ಮಾತ್ರ ಕುಯ್, ಆ ಥರ.

ನಾಲ್ಕನೇದೇ ಮುಖ್ಯವಾದ್ದು. ಆಂಪ್ಲಿಫೈಯರ್ರಿನ ಅರ್ತಿಂಗ್ ವೈರಿಗೆ ಒಂದು ಉದ್ದನೇ ವೈರು ಸೇರಿಸಿ, ಡಿಕ್ಕಿಯಿಂದ ಎಳ್ಕೊಂಡು ಬಂದು ಬಾನೆಟ್ ಒಳಗಿನ ಬ್ಯಾಟ್ರಿಯ ಮೈನಸ್ಸಿಗೆ ಮುಟ್ಟಿಸಿದ್ರು. ಕುಯ್ ಠುಸ್ ಅಂತ ನಿಂತೋಯ್ತು. ತೆಗೆದ್ರೆ ಬಂತು, ಮುಟ್ಟಿಸಿದ್ರೆ ಹೋಯ್ತು. ಡಿಕ್ಕೀಲಿ ಮ್ಯಾಟ್ ಎತ್ತಿ ನೋಡಿದ್ರೆ, ಅರ್ತಿಂಗ್ ವೈರನ್ನ ಪೇಂಟಿನ ಮೇಲೇ ಒಂದು ಸಣ್ಣ ಸ್ಕ್ರೂ ಹಾಕಿ ಕೂರಿಸಿದ್ದಾರೆ! ಪೇಂಟ್ ಮೂಲಕ ಕರೆಂಟ್ ಹೋಗಲ್ಲ. ಸ್ಕ್ರೂವಿನ ಒಂದೆರಡು ಹಲ್ಲು ತಗಡಿಗೆ ತಾಗಿದ್ದಷ್ಟೇ ದಾರಿ. ಆ ಇಕ್ಕಟ್ಟಿನ ದಾರೀಲಿ ಹೋಗೋಕಾಗದೆ ಕರೆಂಟಿನ ಅಲೆ ಹಾಡಿನ ವೈರಿನ ಮೂಲಕ ಸುತ್ತಾಡ್ಕೊಂಡು ಹೋಗ್ತಿತ್ತು. ಮೋರಿ ಕಟ್ಕೊಂಡ್ರೆ ನೀರು ಬಚ್ಚಲಲ್ಲಿ ಮೇಲಕ್ಕೆ ಬರುತ್ತಲ್ಲ, ಹಂಗೆ.

ಈ ನಾಲ್ಕನೇ ಪರೀಕ್ಷೆ ಮಾಡೋವಾಗ್ಲೇ ಇನ್ನೊಂದು ವಿಷಯ ನಡೀತು. ಅಣ್ಣ ಬಾನೆಟ್ ಹತ್ರ ಇದ್ರು, ಮಗ ಆಕ್ಸಿಲೇಟರ್ ತುಳೀತಿದ್ದ. ಡಿಕ್ಕಿ ಹತ್ರ ಯಾರಾದ್ರೂ ಕೇಳಿ ಹೇಳ್ಬೇಕಿತ್ತು. ನಮ್ಮನೆಯವರು ಹಿಂದಿನ ಸೀಟಲ್ಲಿ ಡಬ್ಬಕ್ಕೆ ಬೆನ್ನು ಕೊಟ್ಟು ಕೂತಿದ್ರು. ಅಣ್ಣ ವೈರ್ ತೆಗೆದು "ಯಜಮಾನ್ರೇ, ಬರ್ತಿದೆಯಾ?" ಅಂದ್ರು. ನಾನು ಬಾಗಿಲಲ್ಲಿ ನಿಂತೋಳು ಕಿವಿ ಮುಚ್ಕೊಂಡಿದ್ದೆ, ಅಷ್ಟು ಜೋರಾಗಿ ಕುಯ್ ಅಂತಿದೆ. ಇವರು ಶಾಂತವಾಗಿ "ಇಲ್ಲ, ಏನೂ ಬರ್ತಾ ಇಲ್ಲ" ಅಂದ್ರು. ಅಣ್ಣ ವೈರ್ ಮುಟ್ಟಿಸಿ "ಈಗ?" ಅಂದ್ರು. "ಈಗ್ಲೂ ಇಲ್ಲ."

ಮಗ ತಿರುಗಿ ಅಪ್ಪನ ಮುಖ ನೋಡಿದ. ನಾನೂ ನೋಡಿದೆ. ಆ ಮುಖದಲ್ಲಿ ಹಟ ಇರಲಿಲ್ಲ ಕಣ್ರೇ, ಸುಳ್ಳು ಇರಲಿಲ್ಲ. ನಿಜವಾಗ್ಲೂ ಕೇಳಿಸ್ತಾ ಇರಲಿಲ್ಲ ಅವರಿಗೆ.

ಅಣ್ಣ ಕೈ ಒರೆಸ್ಕೊಂಡು ಬಂದು "ಯಜಮಾನ್ರು ಎಲ್ಲಿ ಕೆಲಸ ಮಾಡ್ತಿದ್ದಿದ್ದು?" ಅಂದ್ರು. ಪೀಣ್ಯ ಎರಡನೇ ಹಂತದ ಒಂದು ಪ್ರೆಸ್ ಶಾಪಲ್ಲಿ, ಇಪ್ಪತ್ತೊಂಬತ್ತು ವರ್ಷ ಅಂದೆ. ತಗಡು ಇಡು, ಧಡಾರ್, ತೆಗಿ. ತಗಡು ಇಡು, ಧಡಾರ್, ತೆಗಿ. ದಿನಕ್ಕೆ ಎಂಟು ಗಂಟೆ, ಓಟಿ ಇದ್ರೆ ಹನ್ನೆರಡು. ಅಣ್ಣ "ನಮ್ಮಪ್ಪನೂ ಪೀಣ್ಯದಲ್ಲೇ ಇದ್ದಿದ್ದು ಅಕ್ಕ. ಅವರಿಗೂ ಇಂಥ ಸಣ್ಣ ಸದ್ದೇ ಮೊದಲು ಹೋಗಿದ್ದು. ಒಂದ್ಸಲ ತೋರಿಸ್ಬಿಡಿ" ಅಂದು ಮತ್ತೆ ಕೆಲಸಕ್ಕೆ ಬಾಗಿದ್ರು.

ಕೆಲಸ ಮುಗಿಸಿದ ರೀತಿನೂ ಹೇಳ್ಬಿಡ್ತೀನಿ. ಮೊದಲು ಬ್ಯಾಟ್ರಿಯ ಮೈನಸ್ ಬಿಚ್ಚಿಟ್ಟರು. ಡಿಕ್ಕೀಲಿ ಗಟ್ಟಿ ತಗಡು ಇರೋ ಜಾಗ ನೋಡಿ, ಉಪ್ಪುಕಾಗದದಲ್ಲಿ ಪೇಂಟ್ ಉಜ್ಜಿ, ತಗಡು ಹೊಸ ಪಾತ್ರೆ ಥರ ಹೊಳೆಯೋವರೆಗೂ ತೆಗೆದ್ರು. ಅರ್ತಿಂಗ್ ವೈರನ್ನ ಗಿಡ್ಡ ಮಾಡಿ, ನಟ್ಟು-ಬೋಲ್ಟು ವಾಷರ್ ಹಾಕಿ ಬಿಗಿದು, ತುಕ್ಕು ಹಿಡೀಬಾರದು ಅಂತ ಮೇಲೆ ಗ್ರೀಸ್ ಸವರಿದ್ರು. ಹಾಡಿನ ವೈರೂ ಬ್ಯಾಟ್ರಿಯಿಂದ ಬರೋ ದಪ್ಪ ವೈರೂ ಒಂದೇ ಕಡೆ ಜೊತೇಲಿ ಎಳೆದಿದ್ರು. ಅದನ್ನ ಬಿಡಿಸಿ ಒಂದು ಎಡಗಡೆ, ಒಂದು ಬಲಗಡೆ ಮಾಡಿದ್ರು. ಆಂಪ್ಲಿಫೈಯರ್ ಮೇಲೆ ಒಂದು ಸ್ವಿಚ್ಚು 'ಫುಲ್'ನಲ್ಲಿತ್ತು, ಅದನ್ನ 'ಎಲ್‌ಪಿಎಫ್'ಗೆ ಹಾಕಿ 80 ಹರ್ಟ್ಸಿಗೆ ತಿರುಗಿಸಿದ್ರು. ಅಂದ್ರೆ ಡಬ್ಬಕ್ಕೆ ದಪ್ಪ ಸದ್ದು ಮಾತ್ರ ಹೋಗುತ್ತೆ. "ಮೊದಲೇ ಇದನ್ನ ತಿರುಗಿಸಿದ್ರೆ ಕುಯ್ ಅಡಗಿಬಿಡ್ತಿತ್ತು, ಆದ್ರೆ ರೋಗ ಒಳಗೇ ಇರ್ತಿತ್ತು. ಅದಕ್ಕೇ ಕೊನೇಗೆ ಇಟ್ಕೊಂಡೆ" ಅಂದ್ರು. ಗೇನ್ ಅನ್ನೋ ತಿರುಪು ಪೂರ್ತಿ ಮೇಲಿತ್ತು, ಅದನ್ನೂ ಇಳಿಸಿದ್ರು. ಅದು ವಾಲ್ಯೂಮ್ ಅಲ್ಲವಂತೆ. ಸ್ಟೀರಿಯೋದಿಂದ ಎಷ್ಟು ಬಲವಾಗಿ ಸಿಗ್ನಲ್ ಬರುತ್ತೋ ಅದಕ್ಕೆ ತಕ್ಕಂಗೆ ಹೊಂದಿಸೋದು. ಜಾಸ್ತಿ ಇಟ್ರೆ ಹಾಡಿನ ಜೊತೆ ಕಸಾನೂ ದೊಡ್ಡದಾಗುತ್ತೆ.

ಕೊನೇಲಿ ಬಾನೆಟ್ ಒಳಗೆ ತೋರಿಸಿದ್ದನ್ನ ನೋಡಿ ನನಗೆ ಎದೆ ಧಸಕ್ ಅಂತು. ಬ್ಯಾಟ್ರಿಯಿಂದ ಹೊರಟ ದಪ್ಪ ವೈರಿಗೆ ಫ್ಯೂಸೇ ಇರಲಿಲ್ಲ. ತಗಡಿನ ತೂತಲ್ಲಿ ರಬ್ಬರ್ ಬುಶ್ ಕೂಡ ಹಾಕದೆ ತೂರಿಸಿದ್ರು, ಅಲ್ಲಿ ವೈರಿನ ಮೇಲಿನ ಪ್ಲಾಸ್ಟಿಕ್ಕು ಆಗ್ಲೇ ಸವೆದಿತ್ತು. ಒಳಗಿನ ತಂತಿ ತಗಡಿಗೆ ತಾಗಿದ್ರೆ ಫ್ಯೂಸ್ ಇಲ್ಲದ ವೈರು ಕಾದು ಬೆಂಕಿನೇ ಹತ್ಕೊಳ್ಳುತ್ತೆ. ದಿನಾ ನಾಲ್ಕು ಗಂಟೆ ನನ್ನ ಮಗ ಅದರಲ್ಲೇ ಕೂತು ಹೋಗಿ ಬರ್ತಿದ್ದ. ಅಣ್ಣ ರಬ್ಬರ್ ಬುಶ್ ಹಾಕಿ, ಬ್ಯಾಟ್ರಿಯಿಂದ ಒಂದಡಿ ದೂರದಲ್ಲೇ ವೈರಿನ ದಪ್ಪಕ್ಕೆ ತಕ್ಕ ಫ್ಯೂಸ್ ಕೂರಿಸಿದ್ರು. ಇದೊಂದನ್ನ ದಯವಿಟ್ಟು ಎಲ್ರೂ ನೋಡಿಸಿ. ಸದ್ದು ಬರ್ಲಿ ಬರದೇ ಇರ್ಲಿ, ಬಾನೆಟ್ ಎತ್ತಿ "ಫ್ಯೂಸ್ ಎಲ್ಲಿದೆ ತೋರ್ಸಪ್ಪ" ಅಂತ ಕೇಳಿ. ಎಲ್ಲಾ ಸೇರಿ ಎಂಟುನೂರು ರೂಪಾಯಿ ತಗೊಂಡ್ರು.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದೊಂದೇ ನೆನಪಾಗ್ತಾ ಬಂತು. ಕುಕ್ಕರ್ ಸುಯ್ ಅಂತ ಕೂಗ್ತಿದ್ರೂ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿರೋರು, ಎದ್ದು ಆರಿಸ್ತಿರಲಿಲ್ಲ. ವಾಷಿಂಗ್ ಮೆಷಿನ್ ಕೀಂ ಕೀಂ ಅಂದ್ರೂ ಏಳ್ತಿರಲಿಲ್ಲ. ನಾನು ಅಡುಗೆಮನೆಯಿಂದ ಏನಾದ್ರೂ ಹೇಳಿದ್ರೆ "ಹ್ಞೂ" ಅನ್ನೋರು, ಹೇಳಿದ್ದೇ ಒಂದು ಮಾಡೋದೇ ಒಂದು. ಸಾಸಿವೆ ತನ್ನಿ ಅಂದ್ರೆ ಬರಿಗೈಲಿ ಬರೋರು. "ಎಮ್ಮೆ ಮೇಲೆ ಮಳೆ ಹುಯ್ದಂಗೆ" ಅಂತ ಎಷ್ಟು ಸಲ ಬೈದಿದ್ದೀನೋ. ನೆಂಟರ ಮುಂದೇನೂ ಬೈದಿದ್ದೀನಿ, ನಿಮ್ಮಲ್ಲಿ ಕೆಲವರು ಕೇಳಿದ್ದೀರ. ಮದುವೆ ಮನೇಲಿ ಮೂಲೆ ಹಿಡಿದು ಕೂತ್ರೆ ಜಂಭ ಅಂದ್ಕೊಂಡ್ವಿ. ಜನ ಗಲಗಲ ಮಾತಾಡೋ ಕಡೆ ಅವರಿಗೆ ಒಂದು ಮಾತೂ ಬಿಡಿಸಿ ಕೇಳಿಸ್ತಿರಲಿಲ್ಲ ಅಂತ ಯಾರಿಗೆ ಗೊತ್ತಿತ್ತು?

ಅವರ ಇಎಸ್‌ಐ ಇತ್ತು. ನಿವೃತ್ತಿ ಆದ್ಮೇಲೂ ವರ್ಷಕ್ಕೆ 120 ರೂಪಾಯಿ ಕಟ್ಟಿ ಇಬ್ಬರಿಗೂ ಮುಂದುವರಿಸಿದ್ವಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಕರ್ಕೊಂಡು ಹೋದೆ. ಕಿವಿಗೆ ಹೆಡ್‌ಫೋನ್ ಹಾಕಿ, ಒಂದೊಂದೇ ಸದ್ದು ಕೊಟ್ಟು, ಕೇಳಿಸಿದಾಗ ಗುಂಡಿ ಒತ್ತಿ ಅಂತಾರೆ. ನಾನು ಗಾಜಿನ ಆಚೆ ಕೂತು ನೋಡ್ತಿದ್ದೆ. ದಪ್ಪ ಸದ್ದಿಗೆಲ್ಲಾ ಒತ್ತಿದ್ರು. ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ರು. ಅವರು ಕಾಯ್ತಿದ್ದಾರೆ, ಸದ್ದು ಬರ್ತಾನೇ ಇದೆ.

ಕಾಗದದ ಮೇಲೆ ಗೆರೆ ನೆಟ್ಟಗೆ ಬಂದು 4000 ಹರ್ಟ್ಸ್ ಹತ್ರ ಬಾವಿಗೆ ಬಿದ್ದಂಗೆ ಕೆಳಗಿಳಿದಿತ್ತು. ಪರೀಕ್ಷೆ ಮಾಡಿದ ಹುಡುಗಿ ನಿಧಾನವಾಗಿ ಬಿಡಿಸಿ ಹೇಳಿದ್ಲು. ಮೆಷಿನ್ ಗದ್ದಲದಿಂದ ಕಿವಿ ಹೋದ್ರೆ ಮೊದಲು ಹೋಗೋದು ಇದೇ ಜಾಗವಂತೆ. ದಪ್ಪ ಸದ್ದು ಉಳ್ಕೊಳ್ಳುತ್ತೆ, ಸಣ್ಣ ಸದ್ದು ಹೋಗುತ್ತೆ. ಮಾತಲ್ಲಿ ಅ, ಆ, ಓ ಎಲ್ಲಾ ಕೇಳುತ್ತೆ. ಸ, ಶ, ತ, ಟ ಜಾರಿಹೋಗುತ್ತೆ. ಅದಕ್ಕೇ ಕೂಗಿದ್ದು ಗೊತ್ತಾಗುತ್ತೆ, ಏನಂದ್ರು ಅಂತ ಗೊತ್ತಾಗಲ್ಲ. ಕಾರ್ಖಾನೇಲಿ ಎಂಟು ಗಂಟೆಗೆ 90 ಡೆಸಿಬೆಲ್ ಮಿತಿ ಅಂತ ನಿಯಮ ಇತ್ತು, ಗದ್ದಲದಿಂದ ಬರೋ ಕಿವುಡನ್ನ 1948ರ ಫ್ಯಾಕ್ಟರಿ ಕಾಯ್ದೆಯ ಪಟ್ಟೀಲೇ ಕಾಯಿಲೆ ಅಂತ ಸೇರಿಸಿದ್ರು. ಇದೆಲ್ಲಾ ನನಗೆ ಈಗ ಗೊತ್ತಾಗಿದ್ದು. ಇವರನ್ನ ಕೇಳಿದ್ರೆ "ಕಿವೀಲಿ ಹತ್ತಿ ಇಟ್ಕೊಂಡ್ರೆ ಪಕ್ಕದೋನು ಕೂಗಿದ್ದು ಕೇಳಲ್ಲ, ಬೆರಳು ಹೋಗ್ಬಿಟ್ರೆ? ಬೆರಳು ಮುಖ್ಯ ಅಂದ್ಕೊಂಡ್ವಿ" ಅಂದ್ರು. ಹತ್ತು ಬೆರಳೂ ಉಳಿಸ್ಕೊಂಡ್ರು. ಆ ಬೆರಳಿಂದಾನೇ ನಾವು ಈ ಮನೆ ಕಟ್ಟಿದ್ದು.

ಹೋದ ಕಿವಿ ವಾಪಸ್ ಬರಲ್ಲ, ಮಿಷನ್ ಹಾಕ್ಕೊಂಡ್ರೆ ಮಾತು ಸುಧಾರಿಸುತ್ತೆ ಅಂದ್ರು. ಈಗ ಕಿವಿಗೆ ಸಣ್ಣದೊಂದು ಮಿಷನ್ ಬಂದಿದೆ. ಮೊದಲ ದಿನ ಹಾಕ್ಕೊಂಡು ಅಡುಗೆಮನೆಗೆ ಬಂದೋರು "ಇವಳೇ, ಒಗ್ಗರಣೆ ಇಷ್ಟು ಸದ್ದು ಮಾಡ್ತಿತ್ತಾ?" ಅಂದ್ರು. ನಾನು ಮುಖ ತಿರುಗಿಸ್ಕೊಂಡು ಸೆರಗಲ್ಲಿ ಕಣ್ಣೊರೆಸ್ಕೊಂಡೆ. ಒಗ್ಗರಣೆ ಘಾಟು ಅಂದೆ.

ಆಸ್ಪತ್ರೇಲಿ ಆ ಹುಡುಗಿ ಮಗನಿಗೂ ಬುದ್ಧಿ ಹೇಳಿದ್ಲು. ಬಾಗಿಲು ಮುಚ್ಚಿದ ಕಾರಲ್ಲಿ ದಿನಾ ನಾಲ್ಕು ಗಂಟೆ ಜೋರಾಗಿ ಹಾಡು ಹಾಕ್ಕೊಂಡ್ರೆ ಅದೂ ಒಂದು ಪ್ರೆಸ್ ಶಾಪೇ ಅಂದ್ಲು. ಅವನು ಸದ್ದು ಇಳಿಸಿದ್ದಾನೆ. ರಾತ್ರಿ ನಮ್ಮ ಬೀದಿ ತಿರುಗೋವಾಗ್ಲೇ ಡಬ್ಬ ಆಫ್ ಮಾಡ್ತಾನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಜನ ಮಲಗೋ ಕಡೆ ಸದ್ದು 45 ಡೆಸಿಬೆಲ್ ದಾಟಬಾರದು ಅಂತ 2000ನೇ ಇಸವಿಯಿಂದ ನಿಯಮಾನೇ ಇದೆ. ದಪ್ಪ ಸದ್ದಂತೂ ಗೋಡೆ ದಾಟ್ಕೊಂಡು ಹೋಗುತ್ತೆ, ಕಿಟಕಿ ಮುಚ್ಚಿದ್ರೂ ತಡೆಯಲ್ಲ. ಎದುರುಮನೆ ಬಾಣಂತಿಗೆ ಮೆಂತ್ಯದ ಹಿಟ್ಟು ತಗೊಂಡು ಹೋಗಿ ಕ್ಷಮೆ ಕೇಳಿ ಬಂದೆ.

ಡಬ್ಬ ಮಾರಿಬಿಡು ಅಂತ ನಾನೇ ಮಗನಿಗೆ ಹೇಳಿದ್ದೆ. ಬೇಡ ಅಂದಿದ್ದು ನಮ್ಮನೆಯವರು. ಮೊದಲು ಹೇಳಲಿಲ್ಲ, ಆಮೇಲೆ ಮೆಲ್ಲಗೆ ಹೇಳಿದ್ರು. ಎಷ್ಟೋ ವರ್ಷದಿಂದ ರಾಜಣ್ಣನ ಹಾಡು ಅವರಿಗೆ ತೆಳ್ಳಗೆ, ದೂರದಿಂದ ಬಂದಂಗೆ ಕೇಳಿಸ್ತಿತ್ತಂತೆ. ಈ ಡಬ್ಬ ಬಂದ್ಮೇಲೆ ತಾಳ ಬೆನ್ನಿಗೇ ಬಂದು ತಟ್ಟುತ್ತೆ, ಹಾಡು ಎಲ್ಲಿದೆ ಅಂತ ಗೊತ್ತಾಗುತ್ತೆ ಅಂದ್ರು. ಮಗ ಇಲ್ಲದಾಗ ಭಾನುವಾರ ಕಾರು ಒರೆಸೋ ನೆಪ ಮಾಡ್ಕೊಂಡು ಒಳಗೆ ಕೂತಿರ್ತಿದ್ದಿದ್ದು ಅದಕ್ಕೇ. ಅಪ್ಪ ನನ್ನ ಡಬ್ಬ ಕಂಡ್ರೆ ಆಗದವರು ಅಂತ ಆ ಹುಡುಗ ಒಂದು ತಿಂಗಳು ಮಾತು ಬಿಟ್ಟಿದ್ದ!

ಹೋದ ವಾರ ನನ್ನ ತಂಗಿ ಮಗಳ ಸೀಮಂತಕ್ಕೆ ತುರುವೇಕೆರೆಗೆ ಹೋದ್ವಿ. ನೆಲಮಂಗಲ, ಕುಣಿಗಲ್, ಯಡಿಯೂರು ದಾಟಿ ಅಷ್ಟು ದೂರ ಹೋದ್ರೂ ಕುಯ್ ಇಲ್ಲ, ಗರಗರ ಇಲ್ಲ. ಮಗ ಹಾಡು ಸಣ್ಣಗೆ ಇಟ್ಟಿದ್ದ. ಇವರು ಮುಂದಿನ ಸೀಟು ಬೇಡ ಅಂತ ಹಿಂದೆ ಡಬ್ಬಕ್ಕೆ ಬೆನ್ನು ಕೊಟ್ಟು ಕೂತಿದ್ರು.

ನಿಮ್ಮನೇಲೂ ಪೀಣ್ಯದಲ್ಲೋ, ಬೊಮ್ಮಸಂದ್ರದಲ್ಲೋ ಮೆಷಿನ್ ಮೇಲೆ ದುಡಿದ ಗಂಡಸರೋ ಹೆಂಗಸರೋ ಇದ್ದು, ಕರೆದ್ರೂ ಓಗೊಡಲ್ಲ ಅಂತ ನಿಮಗೆ ಸಿಟ್ಟು ಬರ್ತಿದ್ರೆ, ಬೈಯೋಕೆ ಮುಂಚೆ ಒಂದ್ಸಲ ಕಿವಿ ತೋರಿಸಿ. ಕುಕ್ಕರ್ ಕೂಗೋವಾಗ ಅವರ ಮುಖ ನೋಡಿ, ಗೊತ್ತಾಗುತ್ತೆ.